ಒನ್ಸ್ ಮೋರ್! ರಂಗದ ಹಾಡು ಬೆಳ್ಳಿತೆರೆಗೆ ಹೋದ ಕಥೆ



ನಿಮ್ಮೂರಿನವರೆಲ್ಲ ಮೆಚ್ಚಿಕೊಂಡಿರುವ ಒಂದು ನಾಟಕ ಸಿನಿಮಾ ಆಗುತ್ತದೆ ಎಂಬ ಸುದ್ದಿ ಬಂತೆಂದು ಇಟ್ಟುಕೊಳ್ಳಿ. ಜನ ಮೊದಲು ಏನು ಕೇಳುತ್ತಾರೆ? ಕಥೆ ಮುಂದೇನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಕಥೆ ಎಲ್ಲರಿಗೂ ಗೊತ್ತು. "ಆ ಹಾಡು ಇರುತ್ತದೆಯೇ? ಇದ್ದರೆ ಯಾರು ಹಾಡುತ್ತಾರೆ?" ಎಂದೇ ಕೇಳುತ್ತಾರೆ.

ಈ ಪ್ರಶ್ನೆಯನ್ನು ನಾನು ಕಿವಿಯಾರೆ ಕೇಳಿದ್ದು 2019ರಲ್ಲಿ, ಚನ್ನಪಟ್ಟಣದ ಒಂದು ಟೀ ಅಂಗಡಿಯಲ್ಲಿ. ಬೊಂಬೆ ತಯಾರಿಸುವವರ ಬಗ್ಗೆ ಒಂದು ಕಾರ್ಯಕ್ರಮ ಮಾಡಲು ನಮ್ಮ ತಂಡ ಅಲ್ಲಿಗೆ ಹೋಗಿತ್ತು. ಆ ವರ್ಷ ಆಗಸ್ಟ್ ತಿಂಗಳಲ್ಲಿ 'ಕುರುಕ್ಷೇತ್ರ' ಚಲನಚಿತ್ರ ತೆರೆಕಾಣುವುದಿತ್ತು. ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದ ಐದಾರು ಮಂದಿ ರೈತರು ಅದನ್ನೇ ಚರ್ಚಿಸುತ್ತಿದ್ದರು. ಚಿತ್ರದ ಖರ್ಚೆಷ್ಟು, ತ್ರೀ-ಡಿ ಎಂದರೇನು ಎಂಬ ಮಾತು ಬೇಗನೆ ಮುಗಿಯಿತು. ಆಮೇಲೆ ಅರ್ಧ ಗಂಟೆ ನಡೆದ ವಾದವೆಲ್ಲ ಹಾಡಿನದು. ಕೃಷ್ಣಸಂಧಾನದ ಸನ್ನಿವೇಶದಲ್ಲಿ ಯಾವ ಮಟ್ಟು ಬರಬಹುದು, ದುರ್ಯೋಧನ ಸಭೆಗೆ ಬರುವಾಗ ಕಂದಪದ್ಯ ಹೇಳುತ್ತಾನೋ ಇಲ್ಲವೋ, ಭೀಷ್ಮ ಶರಶಯ್ಯೆಯಲ್ಲಿ ಯಾವ ರಾಗ ಎತ್ತಿಕೊಳ್ಳಬೇಕು ಎಂದು ಅವರು ಪಟ್ಟು ಹಿಡಿದು ವಾದಿಸಿದರು. ಅವರಲ್ಲಿ ಇಬ್ಬರು ತಮ್ಮೂರಿನ ನಾಟಕದಲ್ಲಿ ದುರ್ಯೋಧನನ ಪಾತ್ರ ಮಾಡಿದವರು. ಒಬ್ಬರಂತೂ ಲೋಟ ಕೆಳಗಿಟ್ಟು ನಾಲ್ಕು ಸಾಲು ಹಾಡಿಯೇ ತೋರಿಸಿದರು!

ವಿಜ್ಞಾನ ಓದಿ ಟೆಲಿವಿಷನ್ ಕೆಲಸಕ್ಕೆ ಬಂದವನು ನಾನು. ಧ್ವನಿ, ಚಿತ್ರ, ಮುದ್ರಣ ಇವೇ ನನ್ನ ದಿನದ ಕೆಲಸ. ಆದರೆ ಆ ಬೆಂಚಿನ ಮೇಲೆ ಕುಳಿತಾಗ ನನಗೆ ಒಂದು ವಿಷಯ ಹೊಳೆಯಿತು. ಇಂಥ ಕಾತರ 2019ರಲ್ಲಿ ಹುಟ್ಟಿದ್ದಲ್ಲ. ಕನ್ನಡ ಸಿನಿಮಾ ಹುಟ್ಟಿದ್ದೇ ಈ ಕಾತರದಿಂದ. ಆ ಚರಿತ್ರೆಯನ್ನು ಇಲ್ಲಿ ಸ್ಥೂಲವಾಗಿ ನೋಡೋಣ.

ನಾಲ್ಕು ತಾಲ್ಲೂಕುಗಳ ರಂಗಭೂಮಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ಮೊದಲು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿದ್ದವು. 2007ರಲ್ಲಿ ಇವೆಲ್ಲ ಸೇರಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರಿಡಲು ರಾಜ್ಯ ಸರ್ಕಾರ ತೀರ್ಮಾನಿಸಿತು. ಹೆಸರು ಏನೇ ಆಗಲಿ, ರೇಷ್ಮೆ, ರಾಗಿ, ಬೊಂಬೆ, ಬಂಡೆ ಇವುಗಳಿಗೆ ಪ್ರಸಿದ್ಧವಾದ ಈ ಸೀಮೆಯಲ್ಲಿ ಇನ್ನೊಂದು ಬೆಳೆಯೂ ಇದೆ. ಅದು ಪೌರಾಣಿಕ ನಾಟಕ.

ಸುಗ್ಗಿ ಮುಗಿದ ಮೇಲೆ, ಜಾತ್ರೆ ಹಬ್ಬಗಳ ಕಾಲದಲ್ಲಿ, ಹಳ್ಳಿಯ ಬಯಲಿನಲ್ಲಿ ರಂಗಸಜ್ಜಿಕೆ ಏಳುತ್ತದೆ. 'ಕುರುಕ್ಷೇತ್ರ', 'ರಾಜಸೂಯಯಾಗ', 'ದಾನಶೂರ ಕರ್ಣ', 'ಸಂಪೂರ್ಣ ರಾಮಾಯಣ' ಇವು ಹೆಚ್ಚಾಗಿ ಆಡುವ ನಾಟಕಗಳು. ಪಾತ್ರಧಾರಿಗಳು ಊರಿನವರೇ. ಹಗಲು ಹಿಪ್ಪುನೇರಳೆ ಸೊಪ್ಪು ಕೊಯ್ಯುವವರು, ಆಟೋ ಓಡಿಸುವವರು, ಶಾಲೆಯಲ್ಲಿ ಪಾಠ ಮಾಡುವವರು ಸಂಜೆ ಹಾರ್ಮೋನಿಯಂ ಮೇಷ್ಟರ ಮುಂದೆ ಕುಳಿತು ತಿಂಗಳುಗಟ್ಟಲೆ ಹಾಡು ಕಲಿಯುತ್ತಾರೆ. ಪಾತ್ರಕ್ಕೆ ಸಂಭಾವನೆ ಇಲ್ಲ. ಬದಲಾಗಿ ಪಾತ್ರಧಾರಿಯೇ ಹಣ ಕೊಡಬೇಕು! ದುರ್ಯೋಧನ, ಕೃಷ್ಣರಂಥ ದೊಡ್ಡ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಆ ಹಣದಿಂದಲೇ ಸೀನರಿ, ವೇಷಭೂಷಣ, ವಾದ್ಯಗಾರರು, ಸ್ತ್ರೀಪಾತ್ರಕ್ಕೆ ಬರುವ ವೃತ್ತಿ ಕಲಾವಿದೆಯರು, ಎಲ್ಲದರ ಖರ್ಚೂ ನಡೆಯಬೇಕು. ರಾತ್ರಿ ಊಟ ಮುಗಿಸಿ ಕುಳಿತ ಜನ ಏಳುವುದು ಬೆಳಗಿನ ಜಾವಕ್ಕೆ.

ಇಂಥ ನಾಟಕದಲ್ಲಿ ಮಾತಿಗಿಂತ ಹಾಡೇ ಹೆಚ್ಚು. ಸಿಟ್ಟು ಬಂದರೂ ಹಾಡು, ಅಳು ಬಂದರೂ ಹಾಡು, ಯುದ್ಧಕ್ಕೆ ಹೊರಟರೂ ಹಾಡು. ಯೂರೋಪು, ಅಮೆರಿಕಗಳಲ್ಲಿ 'ಮ್ಯೂಸಿಕಲ್' ಎಂದು ಕರೆಯುವ ಸಂಗೀತ ನಾಟಕ ನಮ್ಮ ಹಳ್ಳಿಯ ಬಯಲಿನಲ್ಲಿ ಯಾವ ಹೆಸರೂ ಇಲ್ಲದೆ ನಡೆದುಬಂದಿದೆ ಎಂದರೆ ಅತಿಶಯೋಕ್ತಿಯಲ್ಲ.

ಹಳ್ಳಿಗೆ ಈ ಮಾದರಿ ಬಂದದ್ದು ವೃತ್ತಿನಾಟಕ ಕಂಪೆನಿಗಳಿಂದ. ಮೈಸೂರಿನ ಎ.ವಿ. ವರದಾಚಾರ್ಯರ ರತ್ನಾವಳಿ ಕಂಪೆನಿ, 1884ರಲ್ಲಿ ಸ್ಥಾಪನೆಯಾದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಇವು ಹಾಡುವ ನಟರ ದೊಡ್ಡ ಪರಂಪರೆಯನ್ನೇ ಬೆಳೆಸಿದವು. ಗುಬ್ಬಿ ಕಂಪೆನಿಯ ಒಡೆಯರಾದ ಗುಬ್ಬಿ ವೀರಣ್ಣನವರು 1930ರ ದಶಕದಲ್ಲಿ 'ಕುರುಕ್ಷೇತ್ರ'ವನ್ನು ನಿಜವಾದ ಆನೆ ಕುದುರೆಗಳನ್ನು ರಂಗದ ಮೇಲೆ ತಂದು ಆಡಿಸಿದರು. ಕಂಪೆನಿಯ ಮಟ್ಟುಗಳು ಕೇಳುಗರ ಬಾಯಿಂದ ಬಾಯಿಗೆ ಹರಡಿ ಹಳ್ಳಿಯ ಹಾರ್ಮೋನಿಯಂ ಪೆಟ್ಟಿಗೆಗೂ ಬಂದವು.

ರಂಗದಿಂದ ಟಾಕಿಗೆ

ಭಾರತದ ಮೊದಲ ಮಾತಿನ ಚಿತ್ರ 'ಆಲಂ ಆರಾ' ಮುಂಬಯಿಯಲ್ಲಿ ಬಿಡುಗಡೆಯಾದದ್ದು 1931ರ ಮಾರ್ಚ್ 14ರಂದು. ಮೂರು ವರ್ಷದ ನಂತರ, 1934ರ ಮಾರ್ಚ್ 3ರಂದು, ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ ಹಣ ಹೂಡಿದರು. ವೈ.ವಿ. ರಾವ್ ನಿರ್ದೇಶಿಸಿದರು. ಸಂಭಾಷಣೆ ಮತ್ತು ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಕರ್ನಾಟಕದಲ್ಲಿ ಆಗ ಸೂಕ್ತವಾದ ಸ್ಟುಡಿಯೋ ಇರಲಿಲ್ಲವಾದ್ದರಿಂದ ತಂಡವೆಲ್ಲ ಕೊಲ್ಹಾಪುರಕ್ಕೆ ಹೋಗಿ ಚಿತ್ರೀಕರಿಸಿಕೊಂಡು ಬಂತು.

ಪಾತ್ರಧಾರಿಗಳು ಯಾರು ಎಂಬುದನ್ನು ಗಮನಿಸಿ. ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬ. ನಾಯ್ಡು, ನಾಗೇಂದ್ರರಾಯರಿಬ್ಬರೂ ರಂಗಭೂಮಿಯಲ್ಲಿ ಹೆಸರು ಮಾಡಿದ್ದ ನಟರು. ಅದೇ ವರ್ಷ ಬಂದ 'ಭಕ್ತ ಧ್ರುವ' ಕೂಡ ರತ್ನಾವಳಿ ಕಂಪೆನಿಯ ನಾಟಕದಿಂದ ಬಂದದ್ದು. ಹೊಸ ಕಲೆಗೆ ಜನರನ್ನು ಕರೆತರಬೇಕಾದರೆ ಅವರಿಗೆ ಮೊದಲೇ ಪರಿಚಯವಿರುವ ಕಥೆ, ಪರಿಚಯವಿರುವ ಮುಖ, ಪರಿಚಯವಿರುವ ಹಾಡು ಬೇಕು ಎಂಬುದು ಆ ದಿನಗಳ ನಿರ್ಮಾಪಕರಿಗೆ ಚೆನ್ನಾಗಿ ತಿಳಿದಿತ್ತು.

1935ರಲ್ಲಿ 'ಸದಾರಮೆ' ಬಂತು. ಈ ನಾಟಕದ ಜನಪ್ರಿಯತೆಯನ್ನು ಇಂದು ಊಹಿಸುವುದೂ ಕಷ್ಟ. ಕನ್ನಡದಲ್ಲಷ್ಟೇ ಅಲ್ಲ, ತಮಿಳು ಮಲಯಾಳಗಳಲ್ಲೂ ಸದಾರಮೆಯ ಕಥೆ ಸಂಗೀತ ನಾಟಕವಾಗಿ ಮನೆಮಾತಾಗಿತ್ತು. ಕನ್ನಡದಲ್ಲಿ ವೀರಣ್ಣನವರ ಕಳ್ಳನ ಪಾತ್ರವನ್ನು ನೋಡಲೆಂದೇ ಜನ ಮತ್ತೆ ಮತ್ತೆ ಬರುತ್ತಿದ್ದರು. ಅದೇ ವೀರಣ್ಣನವರು ಚಿತ್ರದಲ್ಲೂ ಅಭಿನಯಿಸಿದರು. ನಾಯಕಿ ಕೆ. ಅಶ್ವತ್ಥಮ್ಮ ಸ್ವತಃ ಒಳ್ಳೆಯ ಗಾಯಕಿ. ಎರಡು ದಶಕದ ನಂತರ, 1956ರಲ್ಲಿ, ಅದೇ ಕಥೆ ಕನ್ನಡದಲ್ಲಿ ಮತ್ತೊಮ್ಮೆ ಚಿತ್ರವಾಯಿತು.

ಆಗಿನ ಪ್ರೇಕ್ಷಕನ ಮನಸ್ಸನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಚನ್ನಪಟ್ಟಣ, ಕ್ಲೋಸ್‌ಪೇಟೆ (ರಾಮನಗರದ ಹಳೆಯ ಹೆಸರು) ಬೆಂಗಳೂರು–ಮೈಸೂರು ರೈಲು ಹಾದಿಯ ಮೇಲಿದ್ದವು. ಅಲ್ಲಿಯವರು ರೈಲು ಹತ್ತಿದರೆ ಬೆಂಗಳೂರಿನ ಚಿತ್ರಮಂದಿರ ಸೇರಬಹುದಿತ್ತು. ಕನಕಪುರ, ಮಾಗಡಿಗಳಿಗೆ ರೈಲಿರಲಿಲ್ಲ. ಅಲ್ಲಿಯವರಿಗೆ ರಸ್ತೆಯೇ ಗತಿ. ಮುಂದೆ ಟೂರಿಂಗ್ ಟಾಕೀಸುಗಳ ಡೇರೆಗಳು ಬಂದು ಸಿನಿಮಾ ಊರ ಬಾಗಿಲಿಗೇ ಬಂತು. ಹಾಗೆ ಕಾದು, ಹಾಗೆ ದಾರಿ ಸವೆಸಿ ಹೋದವನು ತೆರೆಯ ಮೇಲೆ ಹುಡುಕಿದ್ದು ತಾನು ಬಲ್ಲ ಹಾಡನ್ನು.

ಹಾಡಿಗೆ ಅಳತೆಗೋಲು

ಹಾಡು ಸಿಕ್ಕಿತೇನೋ ಹೌದು. ಆದರೆ ರಂಗದ ಹಾಡಲ್ಲ. ಏಕೆ? ಇದಕ್ಕೆ ಉತ್ತರ ಭೌತಶಾಸ್ತ್ರದಲ್ಲಿದೆ.

ಆ ಕಾಲದ ರಂಗದಲ್ಲಿ ಮೈಕು ಇರಲಿಲ್ಲ. ಬಯಲಿನಲ್ಲಿ ಶಬ್ದದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ ಎಂದು ನೀವು ಓದಿದ್ದೀರಿ. 5 ಮೀಟರ್ ದೂರದಲ್ಲಿ ಕೇಳುವ ತೀವ್ರತೆ 10 ಮೀಟರಿಗೆ ಕಾಲುಭಾಗ, 20 ಮೀಟರಿಗೆ ಹದಿನಾರರಲ್ಲೊಂದು ಭಾಗ. ಕೊನೆಯ ಸಾಲಿನ ಚಾಪೆಯ ಮೇಲೆ ಕುಳಿತವನಿಗೂ ಹಾಡು ಮುಟ್ಟಬೇಕು. ಅದಕ್ಕಾಗಿ ನಟ ಎತ್ತರದ ಶ್ರುತಿ ಹಿಡಿದು, ಬಾಯಿ ತೆರೆದು, ಸ್ವರವನ್ನು ಎಸೆಯುತ್ತಿದ್ದ. ಮನುಷ್ಯನ ಕಿವಿ ಸುಮಾರು 2000ದಿಂದ 5000 ಹರ್ಟ್ಸ್ ಕಂಪನಾಂಕಗಳಿಗೆ ಹೆಚ್ಚು ಸೂಕ್ಷ್ಮವಾಗಿರುತ್ತದೆ. ಕಂಪೆನಿ ನಟರು ಯಾವ ಪುಸ್ತಕವನ್ನೂ ಓದದೆ, ಬರಿಯ ಅಭ್ಯಾಸದಿಂದಲೇ, ಸ್ವರವನ್ನು ಆ ಕಿವಿಗೆ ತಕ್ಕಂತೆ ಹದಗೊಳಿಸಿಕೊಂಡಿದ್ದರು. ಆದರೆ ಅದೇ ಕಂಠವನ್ನು ಮೈಕಿನ ಮುಂದೆ ನಿಲ್ಲಿಸಿದರೆ ಅದು ಕಿರುಚಿದಂತೆ ಕೇಳುತ್ತದೆ. ಮೈಕು ಪಿಸುಮಾತನ್ನು ಕೇಳುತ್ತದೆ, ಗರ್ಜನೆಯನ್ನು ತಾಳುವುದಿಲ್ಲ.

ಎರಡನೆಯ ಅಳತೆ ಕಾಲದ್ದು. ಮಾತಿನ ಚಿತ್ರದ 35 ಮಿಲಿಮೀಟರ್ ಫಿಲಂ ಸೆಕೆಂಡಿಗೆ 24 ಚೌಕಟ್ಟಿನಂತೆ, ಅಂದರೆ ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. ಒಂದು ಸಾವಿರ ಅಡಿಯ ರೀಲು ಸುಮಾರು 11 ನಿಮಿಷಕ್ಕೆ ಮುಗಿಯುತ್ತದೆ. ಮೂರು ಗಂಟೆಯ ಚಿತ್ರಕ್ಕೆ 16 ಸಾವಿರ ಅಡಿಗೂ ಹೆಚ್ಚು ಫಿಲಂ ಬೇಕು, ಪ್ರತಿ ಅಡಿಗೂ ಹಣ ಕೊಡಬೇಕು. ಗ್ರಾಮಫೋನ್ ತಟ್ಟೆಯಂತೂ ಇನ್ನೂ ಜಿಪುಣ. 78 ಸುತ್ತಿನ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ರಾತ್ರಿಯಿಡೀ ಹರಡಿಕೊಂಡಿದ್ದ ಹಾಡು ಈಗ ಅಡಿ ಲೆಕ್ಕದಲ್ಲಿ, ನಿಮಿಷ ಲೆಕ್ಕದಲ್ಲಿ ಕುಳಿತುಕೊಳ್ಳಬೇಕಾಯಿತು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ರಂಗದಲ್ಲಿ ಹಾಡು ಹಿಡಿಸಿದರೆ ಪ್ರೇಕ್ಷಕ "ಒನ್ಸ್ ಮೋರ್" ಎಂದು ಕೂಗುತ್ತಾನೆ. ಸಾಯುತ್ತಿರುವ ಪಾತ್ರವೂ ಎದ್ದು ಕುಳಿತು ಇನ್ನೊಮ್ಮೆ ಹಾಡುವುದುಂಟು. ಇದನ್ನು ನೋಡಿ ನಗುವವರಿದ್ದಾರೆ. ಆದರೆ ಆ ಎರಡನೆಯ ಸಲದ ಹಾಡು ಮೊದಲ ಸಲದ್ದರಂತೆ ಇರುವುದಿಲ್ಲ ಎಂಬುದನ್ನು ಅವರು ಗಮನಿಸಿರುವುದಿಲ್ಲ. ನಟ ಅಲ್ಲಿ ಹೊಸ ಸಂಗತಿ ಹಾಕುತ್ತಾನೆ, ಒಂದು ಸ್ವರವನ್ನು ಇನ್ನಷ್ಟು ಎಳೆಯುತ್ತಾನೆ, ಹಾರ್ಮೋನಿಯಂ ಮೇಷ್ಟರು ಅವನ ಹಿಂದೆ ಓಡುತ್ತಾರೆ. ಹಾಡನ್ನು ನಟ, ಮೇಷ್ಟರು, ಕೇಳುಗ ಮೂವರೂ ಸೇರಿ ಕಟ್ಟುತ್ತಾರೆ. ಪ್ರೊಜೆಕ್ಟರಿಗೆ "ಒನ್ಸ್ ಮೋರ್" ಎಂದು ಕೂಗಿದರೆ ಅದು ಕೇಳಿಸಿಕೊಳ್ಳುವುದಿಲ್ಲ.

ಮುಖ ಒಬ್ಬರದು, ದನಿ ಇನ್ನೊಬ್ಬರದು

1934ರಲ್ಲಿ ತೆರೆಯ ಮೇಲೆ ಹಾಡಬೇಕಾದವನು ತಾನೇ ಹಾಡಬೇಕಿತ್ತು. 1935ರಲ್ಲಿ ಕಲ್ಕತ್ತೆಯಲ್ಲಿ ನಿತಿನ್ ಬೋಸರು ತಯಾರಿಸಿದ 'ಧೂಪ್ ಛಾಂವ್' ಚಿತ್ರದಿಂದ ಹಿನ್ನೆಲೆ ಗಾಯನ ನಮ್ಮ ದೇಶದಲ್ಲಿ ಬಳಕೆಗೆ ಬಂತು. ಹಾಡನ್ನು ಮೊದಲೇ ಮುದ್ರಿಸಿಕೊಂಡು, ನಟ ಅದಕ್ಕೆ ತುಟಿ ಚಲಿಸುವ ಈ ಉಪಾಯದಿಂದ ಸಿನಿಮಾಕ್ಕೆ ಬಹಳ ಅನುಕೂಲವಾಯಿತು. ಹಾಡಲು ಬಾರದ ಒಳ್ಳೆಯ ನಟನೂ ನಾಯಕನಾಗಬಹುದು, ತೆರೆಗೆ ಒಗ್ಗದ ಒಳ್ಳೆಯ ಗಾಯಕನೂ ನಾಡಿಗೆಲ್ಲ ಕೇಳಿಸಬಹುದು. ಆದರೆ ಹಾಡುವ ನಟ ಎಂಬ ರಂಗಭೂಮಿಯ ಜೀವಿ ಅಲ್ಲಿಂದಾಚೆಗೆ ಸಿನಿಮಾದಲ್ಲಿ ಅಪರೂಪವಾದ.

ಇದಕ್ಕೆ ಅತ್ಯುತ್ತಮ ನಿದರ್ಶನ ನಮ್ಮಲ್ಲೇ ಇದೆ. 1954ರಲ್ಲಿ ಗುಬ್ಬಿ ಕಂಪೆನಿಯ ಜನಪ್ರಿಯ ನಾಟಕ 'ಬೇಡರ ಕಣ್ಣಪ್ಪ' ಚಿತ್ರವಾಯಿತು. ನಿರ್ದೇಶಕರು ಎಚ್.ಎಲ್.ಎನ್. ಸಿಂಹ. ಗುಬ್ಬಿ ಕಂಪೆನಿಯಲ್ಲಿದ್ದ ಮುತ್ತುರಾಜ್ ಎಂಬ ಯುವಕ ಆ ಚಿತ್ರದಿಂದ ರಾಜ್‌ಕುಮಾರ್ ಆದರು. ಅವರ ತಂದೆ ಪುಟ್ಟಸ್ವಾಮಯ್ಯನವರೂ ಅದೇ ಕಂಪೆನಿಯ ನಟರು. ಹೀಗೆ ಹಾಡುವ ರಂಗಭೂಮಿಯಲ್ಲಿ ಹುಟ್ಟಿ ಬೆಳೆದ ಕಲಾವಿದ ನಾಯಕನಾದ ಮೊದಲ ಚಿತ್ರದಲ್ಲಿ ತಮ್ಮ ಕಂಠದಿಂದ ಹಾಡಲಿಲ್ಲ, ಬೇರೆಯವರ ದನಿಗೆ ತುಟಿ ಚಲಿಸಿದರು! ಚಿತ್ರ ಅಪಾರ ಯಶಸ್ಸು ಗಳಿಸಿತು. ತೆಲುಗಿಗೆ 'ಕಾಳಹಸ್ತಿ ಮಹಾತ್ಮ್ಯಂ' ಎಂದು ಹೋಯಿತು. ಮುಂದೆ ಪಿ.ಬಿ. ಶ್ರೀನಿವಾಸ್ ಅವರ ಸುಮಧುರ ಕಂಠವೇ ರಾಜ್‌ಕುಮಾರರ ಹಾಡುವ ದನಿ ಎಂದು ಜನ ಎರಡು ದಶಕ ನಂಬಿದರು.

ಸ್ವಂತ ದನಿ ಸ್ಥಿರವಾಗಿ ಮರಳಿದ್ದು 1974ರಲ್ಲಿ, 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ. ನಾಯಕ ಎಮ್ಮೆಯ ಮೇಲೆ ಕುಳಿತು ಹಾಡುವ ಆ ದೃಶ್ಯವನ್ನು ನಿಮ್ಮಲ್ಲಿ ಅನೇಕರು ನೋಡಿರಬೇಕು. ಆ ಚಿತ್ರವೂ ರಂಗಭೂಮಿಯಿಂದಲೇ ಬಂದದ್ದು. ಅದರ ಮೂಲ ಉತ್ತರ ಕರ್ನಾಟಕದ ಕಂಪೆನಿ ರಂಗಭೂಮಿಗೆ ಪಿ.ಬಿ. ಧುತ್ತರಗಿಯವರು ಬರೆದ ನಾಟಕ. ಅಲ್ಲಿಂದ ಮುಂದೆ ರಾಜ್‌ಕುಮಾರ್ ತಮ್ಮ ಚಿತ್ರಗಳಿಗೆ ತಾವೇ ಹಾಡತೊಡಗಿದರು.

ಈ ಸಮಸ್ಯೆ ನಮ್ಮೊಬ್ಬರದೇ ಅಲ್ಲ. ನ್ಯೂಯಾರ್ಕಿನ ರಂಗದಲ್ಲಿ 1956ರಲ್ಲಿ ಬಂದ 'ಮೈ ಫೇರ್ ಲೇಡಿ' ಎಂಬ ಸಂಗೀತ ನಾಟಕದಲ್ಲಿ ಜೂಲಿ ಆಂಡ್ರ್ಯೂಸ್ ಹಾಡಿ ಜನಮನ ಗೆದ್ದರು. 1964ರಲ್ಲಿ ಅದು ಚಿತ್ರವಾದಾಗ ಆ ಪಾತ್ರ ಆಡ್ರೆ ಹೆಪ್‌ಬರ್ನ್ ಅವರಿಗೆ ಹೋಯಿತು. ಆದರೆ ಹಾಡುಗಳಲ್ಲಿ ಹೆಚ್ಚಿನವನ್ನು ತೆರೆಯ ಹಿಂದೆ ಹಾಡಿದವರು ಮಾರ್ನಿ ನಿಕ್ಸನ್. 2012ರಲ್ಲಿ 'ಲೆ ಮಿಸರಾಬ್ಲ್' ಸಂಗೀತ ನಾಟಕವನ್ನು ಚಿತ್ರ ಮಾಡಿದವರು ನಟರನ್ನು ಚಿತ್ರೀಕರಣದ ಹೊತ್ತಿನಲ್ಲೇ ನೇರವಾಗಿ ಹಾಡಿಸಿದಾಗ ಲೋಕವೆಲ್ಲ ಅದನ್ನು ಹೊಸ ಸಾಹಸವೆಂದು ಕೊಂಡಾಡಿತು. ಕೊಲ್ಹಾಪುರದಲ್ಲಿ ನಮ್ಮ ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಅವರು ಬೇರೆ ದಾರಿಯಿಲ್ಲದೆ ಆಗಲೇ ಅದನ್ನು ಮಾಡಿದ್ದರು ಎಂಬುದು ನೆನಪಿರಲಿ.

ಯಾವುದು ಉಳಿಯಿತು?

ಈಗ ಒಂದು ಪ್ರಶ್ನೆ. ನಾಟಕ ಒಂದು ರಾತ್ರಿಯದು, ಬೆಳಗಾದರೆ ಮುಗಿಯಿತು. ಸಿನಿಮಾ ಮುದ್ರಣಗೊಂಡದ್ದು, ಶಾಶ್ವತ. ಹೀಗೆಂದು ನಾವೆಲ್ಲ ನಂಬುತ್ತೇವೆ. 'ಸತಿ ಸುಲೋಚನ'ವನ್ನು ಇಂದು ನೋಡಬಹುದೇ?

ನೋಡಲಾಗದು. ಅದರ ಒಂದು ಪ್ರತಿಯೂ ಉಳಿದಿಲ್ಲ.

ಇದಕ್ಕೂ ರಸಾಯನಶಾಸ್ತ್ರದಲ್ಲಿ ಕಾರಣವಿದೆ. ಆ ಕಾಲದ ಫಿಲಂ ತಯಾರಾಗುತ್ತಿದ್ದದ್ದು ಸೆಲ್ಯುಲೋಸ್ ನೈಟ್ರೇಟಿನಿಂದ. ಅದು ತನ್ನಷ್ಟಕ್ಕೆ ತಾನೇ ನಿಧಾನವಾಗಿ ವಿಭಜನೆಯಾಗುತ್ತದೆ. ಆಗ ಹೊರಡುವ ನೈಟ್ರೋಜನ್ ಆಕ್ಸೈಡುಗಳು ಗಾಳಿಯ ತೇವದೊಂದಿಗೆ ಸೇರಿ ನೈಟ್ರಿಕ್ ಆಮ್ಲವಾಗಿ, ಚಿತ್ರವನ್ನು ಹೊತ್ತಿರುವ ಬೆಳ್ಳಿಯ ಕಣಗಳನ್ನೇ ತಿನ್ನುತ್ತವೆ. ಬಿಸಿಲು, ಸೆಕೆ ಹೆಚ್ಚಿದಷ್ಟೂ ಕೆಡುವುದು ಬೇಗ. ಬೆಂಕಿ ತಗುಲಿದರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ, ಏಕೆಂದರೆ ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಪ್ರದರ್ಶನ ಮುಗಿದ ಹಳೆಯ ಪ್ರತಿಗಳಿಂದ ಬೆಳ್ಳಿ ತೆಗೆಯುವ ವ್ಯಾಪಾರವೂ ಇತ್ತು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ, ಅಂದರೆ 'ಸತಿ ಸುಲೋಚನ' ಬಂದ ಮೂವತ್ತು ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ದೇಶದ ಎಷ್ಟೋ ಚಿತ್ರಗಳು ಪುಡಿಯಾಗಿ ಹೋಗಿದ್ದವು.

ಇತ್ತ ಬೆಳಗಾದರೆ ಮುಗಿಯುತ್ತಿದ್ದ 'ಕುರುಕ್ಷೇತ್ರ' ಇಂದಿಗೂ ಮಾಗಡಿ ಕನಕಪುರಗಳ ಹಳ್ಳಿಗಳಲ್ಲಿ ನಡೆಯುತ್ತಲೇ ಇದೆ. ಅಳಿಯದೆ ಉಳಿಯಲೆಂದು ಅಚ್ಚಾದದ್ದು ಅಳಿಯಿತು. ಪ್ರತಿ ರಾತ್ರಿ ಅಳಿಯುವಂಥದ್ದು ಪ್ರತಿ ವರ್ಷ ಮತ್ತೆ ಹುಟ್ಟುತ್ತಾ ಉಳಿಯಿತು.

ಈ ಪಾಠವನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕನಕಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು ಒಂದು ನಾಟಕವನ್ನು ಟೇಪಿಗೆ ಮುದ್ರಿಸಿಕೊಂಡಿದ್ದೆ. ಭೀಷ್ಮನ ಪಾತ್ರ ಮಾಡಿದ ಹಿರಿಯರ ಹಾಡು ಎಷ್ಟು ಚೆನ್ನಾಗಿತ್ತೆಂದರೆ, ಕ್ಯಾಮೆರಾ ಹಿಡಿದಿದ್ದ ಗೆಳೆಯನೇ "ಒನ್ಸ್ ಮೋರ್" ಎಂದು ಕೂಗಿ ನಾನು ಬೈಯಬೇಕಾಯಿತು. "ಇನ್ನು ಇದು ಶಾಶ್ವತವಾಗಿ ಉಳಿಯಿತು ಬಿಡಿ" ಎಂದು ಬೆಳಿಗ್ಗೆ ಅವರಿಗೆ ಹೇಳಿ ಬಂದೆ. ಹಲವು ವರ್ಷಗಳ ನಂತರ ಆ ಟೇಪನ್ನು ಹುಡುಕಿ ತೆಗೆದರೆ, ತೇವ ಹಿಡಿದು ಮೇಲೆಲ್ಲ ಬೂಷ್ಟು ಕಟ್ಟಿತ್ತು. ಯಂತ್ರಕ್ಕೆ ಹಾಕಿದರೆ ಗೆರೆಗಳು ಮಾತ್ರ ಕಂಡವು. ಇನ್ನೊಂದು ಪ್ರತಿ ಮಾಡಿಡದೆ ಹೋದ ತಪ್ಪು ನನ್ನದೇ. ಕ್ಷಮೆ ಕೇಳಲೆಂದು ಆ ಊರಿಗೆ ಹೋದೆ. ಹಿರಿಯರು ತೀರಿಹೋಗಿದ್ದರು. ಅವರ ಮಗ ನನ್ನ ಮಾತು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಜಗಲಿಯ ಮೇಲೆ ಕುಳಿತೇ ಅದೇ ಹಾಡನ್ನು ಅದೇ ಮಟ್ಟಿನಲ್ಲಿ ಹಾಡಿದರು. ಈಗ ಭೀಷ್ಮನ ಪಾತ್ರ ಅವರದು.

ಮುದ್ರಿಸಿಡುವುದು ವ್ಯರ್ಥವೆಂದು ಇದರ ಅರ್ಥವಲ್ಲ. ರಾಮನಗರ ಚನ್ನಪಟ್ಟಣಗಳ ನಡುವೆ ಎಚ್.ಎಲ್. ನಾಗೇಗೌಡರು 1994ರಲ್ಲಿ ಆರಂಭಿಸಿದ ಜಾನಪದ ಲೋಕಕ್ಕೆ ಹೋಗಿ ನೋಡಿ. ಅಲ್ಲಿ ವಸ್ತುಗಳ ಜೊತೆಗೆ ಹಾಡು ಕಥೆಗಳ ಮುದ್ರಣಗಳನ್ನೂ ಕಾಪಾಡಿಟ್ಟಿದ್ದಾರೆ. ಅಂಥ ಸಂಗ್ರಹ ಇಲ್ಲದಿದ್ದರೆ ನಮ್ಮ ನಷ್ಟ ಇನ್ನೂ ದೊಡ್ಡದಾಗುತ್ತಿತ್ತು. ಆದರೆ ಮುದ್ರಣವನ್ನು ಕಾಯಲು ಮನುಷ್ಯರು ಬೇಕು, ಪ್ರತಿಯಿಂದ ಪ್ರತಿಗೆ ಅದನ್ನು ದಾಟಿಸುತ್ತಿರಬೇಕು. ಹಾಡಿಗೂ ಹಾಗೆಯೇ, ಕಂಠದಿಂದ ಕಂಠಕ್ಕೆ ದಾಟಿಸುವವರು ಬೇಕು.

ಬಂಡೆಗಳಿಗೆ ಬಂದ ಸಿನಿಮಾ

ಈ ಸೀಮೆಗೆ ಸಿನಿಮಾ ಹೊಸದಲ್ಲ. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳ ನಡುವೆ 1973ರಲ್ಲಿ ಚಿತ್ರೀಕರಣ ಆರಂಭವಾದ 'ಶೋಲೆ' 1975ರಲ್ಲಿ ಬಿಡುಗಡೆಯಾಗಿ ಈ ಬೆಟ್ಟಗಳನ್ನು ದೇಶಕ್ಕೆಲ್ಲ ಪರಿಚಯಿಸಿತು. ಇಂಗ್ಲೆಂಡಿನ ನಿರ್ದೇಶಕ ಡೇವಿಡ್ ಲೀನ್ ಮಾಗಡಿಯ ಸಾವನದುರ್ಗಕ್ಕೆ ಬಂದು 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ಗುಹೆಗಳ ದೃಶ್ಯ ತೆಗೆದರು. 1984ರಲ್ಲಿ ಬಂದ ಆ ಚಿತ್ರಕ್ಕೆ ಇ.ಎಂ. ಫಾರ್ಸ್ಟರರ ಕಾದಂಬರಿಯ ಜೊತೆಗೆ, ಅದನ್ನು ಆಧರಿಸಿ ಶಾಂತಾ ರಾಮರಾವ್ ಅವರು ಬರೆದ ನಾಟಕವೂ ಮೂಲವಾಗಿತ್ತು. ಹೀಗೆ ದೊಡ್ಡ ಸಿನಿಮಾಗಳು ನಮ್ಮ ಬಂಡೆಗಳನ್ನು ಬಳಸಿಕೊಂಡು ಹೋದವು. ಆದರೆ ಬಂಡೆಗಳ ಕೆಳಗಿನ ಊರುಗಳಲ್ಲಿ ಹಾಡುತ್ತಿದ್ದವರ ನಾಟಕ ತೆರೆಗೆ ಬರುತ್ತದೆಯೇ ಎಂಬ ಕುತೂಹಲ ಬಾಕಿಯೇ ಇತ್ತು.

ಅದಕ್ಕೇ 2019ರ ಕಾತರ ಅಷ್ಟು ಜೋರಾಗಿದ್ದದ್ದು. 'ಕುರುಕ್ಷೇತ್ರ' ಚಿತ್ರ ಆಗಸ್ಟ್ 9ರಂದು ಬಂತು. ದುರ್ಯೋಧನನಾಗಿ ದರ್ಶನ್, ಕೃಷ್ಣನಾಗಿ ರವಿಚಂದ್ರನ್, ಭೀಷ್ಮನಾಗಿ ಅಂಬರೀಶ್ ಅಭಿನಯಿಸಿದ್ದರು. ಅಂಬರೀಶ್ ಅವರು ಚಿತ್ರ ತೆರೆಕಾಣುವ ಮೊದಲೇ, 2018ರ ನವೆಂಬರಿನಲ್ಲಿ, ನಿಧನರಾಗಿದ್ದರು. ಚಿತ್ರ ಆಧರಿಸಿದ್ದು ಹಳ್ಳಿಯ ನಾಟಕವನ್ನಲ್ಲ, ಹತ್ತನೆಯ ಶತಮಾನದ ಕವಿ ರನ್ನನ 'ಗದಾಯುದ್ಧ'ವನ್ನು. ಹಾಡುಗಳನ್ನು ಹಿನ್ನೆಲೆ ಗಾಯಕರು ಹಾಡಿದ್ದರು. ಸೇನೆ, ರಥ, ಗದೆ ಎಲ್ಲ ಕಣ್ಣು ಕೋರೈಸುವಂತಿದ್ದವು.

ಕೆಲವು ದಿನಗಳ ಮೇಲೆ ಮತ್ತೆ ಆ ಟೀ ಅಂಗಡಿಗೆ ಹೋಗಿದ್ದೆ. ಲೋಟ ಕೆಳಗಿಟ್ಟು ಹಾಡಿದ್ದ ಆ ರೈತರು ಸಿಕ್ಕಿದರು. ಚಿತ್ರ ಹೇಗಿತ್ತು ಎಂದು ಕೇಳಿದೆ. "ಚೆನ್ನಾಗಿತ್ತು ಸಾರ್. ಎರಡು ಸಲ ನೋಡಿದೆ. ಆದರೆ ನಮ್ಮ ಹಾಡು ಇರಲಿಲ್ಲ" ಎಂದರು. ಬೇಸರವಾಯಿತೇ ಎಂದೆ. "ಬೇಸರ ಏಕೆ? ಶಿವರಾತ್ರಿಗೆ ನಮ್ಮದೇ ನಾಟಕ ಇದೆಯಲ್ಲ, ಬನ್ನಿ" ಎಂದು ನಕ್ಕರು.

ಆ ನಗುವಿನಲ್ಲಿ ನನಗೆ ಈ ಇಡೀ ಚರಿತ್ರೆಯ ಸಾರ ಕಂಡಿತು. ಸಿನಿಮಾ ತಮ್ಮ ಹಾಡನ್ನು ಉಳಿಸುತ್ತದೆ ಎಂದು ಅವರು ಕಾಯುತ್ತಿರಲಿಲ್ಲ. ಹಾಡು ಅವರ ಬಳಿ ಇತ್ತು, ಆದ್ದರಿಂದಲೇ ಕಾಯುತ್ತಿದ್ದರು. ಹಾಡು ಬಲ್ಲವನಿಗೆ ಮಾತ್ರ ಅದು ತೆರೆಯ ಮೇಲೆ ಹೇಗೆ ಬರುತ್ತದೆಂಬ ಕಾತರ. ಮಟ್ಟುಗಳನ್ನು ಬಲ್ಲವರು ಯಾರೂ ಉಳಿಯದ ದಿನ, ಎಷ್ಟು ಕೋಟಿ ಖರ್ಚು ಮಾಡಿ 'ಕುರುಕ್ಷೇತ್ರ' ತೆಗೆದರೂ "ಆ ಹಾಡು ಇರುತ್ತದೆಯೇ?" ಎಂದು ಕೇಳುವವರು ಇರುವುದಿಲ್ಲ.

ಹಳ್ಳಿಯ ತಾಲೀಮಿನಲ್ಲಿ ತಲೆ ನರೆತವರೇ ಹೆಚ್ಚಾಗಿ ಕಾಣುತ್ತಾರೆ. ಆದ್ದರಿಂದ, ಮಿತ್ರರೇ, ಒಂದು ಚಿಕ್ಕ ಕೆಲಸ ಹೇಳಿ ಮುಗಿಸುತ್ತೇನೆ. ಮುಂದಿನ ಜಾತ್ರೆಗೆ ನಿಮ್ಮೂರಿನಲ್ಲೋ ಪಕ್ಕದ ಊರಿನಲ್ಲೋ ನಾಟಕ ಇದ್ದರೆ, ಪ್ರದರ್ಶನಕ್ಕಿಂತ ಮೊದಲು ಒಂದು ಸಂಜೆ ತಾಲೀಮಿಗೆ ಹೋಗಿ ಕುಳಿತುಕೊಳ್ಳಿ. ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ, ತಪ್ಪಿಲ್ಲ, ಆದರೆ ಎರಡು ಪ್ರತಿ ಮಾಡಿಡಿ. ಆಮೇಲೆ ಮೊಬೈಲನ್ನು ಕಿಸೆಗೆ ಹಾಕಿ, ಹಾರ್ಮೋನಿಯಂ ಮೇಷ್ಟರನ್ನು ಕೇಳಿ ಒಂದೇ ಒಂದು ಹಾಡು ಕಲಿಯಿರಿ. ಮೊದಲ ಸಲ ಬರದಿದ್ದರೆ ನಾಚಬೇಡಿ. ಮೇಷ್ಟರೇ ಹೇಳುತ್ತಾರೆ: ಒನ್ಸ್ ಮೋರ್!